ಕೀಟೋನ್ ಕೊಳ್ಳುವ ಮುನ್ನ: ದೂರದ ಓಟಗಾರರಿಗೂ ಸೈಕಲ್ ಸವಾರರಿಗೂ ಒಂದು ಹೋಲಿಕೆ

ಮ್ಯಾರಥಾನ್ ತಯಾರಿಯಲ್ಲಿರುವವರು, 200 ಅಥವಾ 300 ಕಿಲೋಮೀಟರ್ ಬ್ರೆವೆಗೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗೆ, ಹೊರಡುವ ಸೈಕಲ್ ಸವಾರರು ಈಚೆಗೆ ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: ಯಾವ ಕೀಟೋನ್ ತೆಗೆದುಕೊಳ್ಳಲಿ? ವಿದೇಶದಿಂದ ಎಸ್ಟರ್ ಎಂಬ ಪಾನೀಯ ರೂಪದ ಕೀಟೋನ್ ತರಿಸಬೇಕೇ, ಪುಡಿಯ ರೂಪದ ಲವಣ ಸಾಲದೇ, ಮನೆಯಲ್ಲಿರುವ ತೆಂಗಿನೆಣ್ಣೆಯಿಂದಲೇ ಕೆಲಸ ನಡೆಯುವುದಿಲ್ಲವೇ, ಅಥವಾ ಅನ್ನ, ಮುದ್ದೆ ಎಲ್ಲ ಬಿಟ್ಟು ಕೀಟೋ ಪಥ್ಯವನ್ನೇ ಹಿಡಿಯಬೇಕೇ? ಟೂರ್ ದ ಫ್ರಾನ್ಸ್‌ನ ತಂಡಗಳು ಇದನ್ನು ಕುಡಿಯುತ್ತವೆ ಎಂಬ ಸುದ್ದಿ 2019ರ ಹೊತ್ತಿಗೆ ಬಹಿರಂಗವಾಗಿಯೇ ಹೊರಬಂತು. ಅಂದಿನ ಯಂಬೊ-ವಿಸ್ಮಾ ತಂಡ ತಾನು ಬಳಸುವುದನ್ನು ಮುಚ್ಚಿಡಲಿಲ್ಲ. ಅಲ್ಲಿಂದ ಈ ಆಸೆ ನಮ್ಮ ಕಬ್ಬನ್ ಪಾರ್ಕ್‌ವರೆಗೂ ಬಂದಿದೆ.

ಕೇಳುವವರ ಪಟ್ಟಿಯಲ್ಲಿ ಇಲ್ಲದ ಒಂದು ಆಯ್ಕೆಯನ್ನು ನಾನಾಗಿಯೇ ಸೇರಿಸುತ್ತೇನೆ. ಅದು ಸಕ್ಕರೆ. ಕೀಟೋನಿನ ಪೈಪೋಟಿ ಇನ್ನೊಂದು ಕೀಟೋನಿನ ಜೊತೆಗಲ್ಲ, ನಿಮ್ಮ ಬಾಟಲಿಯಲ್ಲಿ ಈಗಾಗಲೇ ಇರುವ ಸಕ್ಕರೆ ನೀರಿನ ಜೊತೆಗೆ. ಅದನ್ನು ಹೊರಗಿಟ್ಟು ಮಾಡುವ ಹೋಲಿಕೆಯಿಂದ ಲಾಭವಾಗುವುದು ಮಾರುವವನಿಗೆ ಮಾತ್ರ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಉಪವಾಸವಿದ್ದಾಗ ಅಥವಾ ಪಿಷ್ಟ, ಸಕ್ಕರೆ ತೀರಾ ಕಡಿಮೆಯಾದಾಗ ಯಕೃತ್ತು ಕೊಬ್ಬನ್ನು ಒಡೆದು ಕೀಟೋನ್ ಕಾಯಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಬೀಟಾ ಹೈಡ್ರಾಕ್ಸಿಬ್ಯುಟಿರೇಟ್. ಮಿದುಳು, ಹೃದಯ, ಸ್ನಾಯು ಎಲ್ಲವೂ ಇದನ್ನು ಇಂಧನವಾಗಿ ಬಳಸಬಲ್ಲವು. ಉಪವಾಸವಿಲ್ಲದೆ, ಪಥ್ಯವಿಲ್ಲದೆ ಇದನ್ನೇ ನೇರವಾಗಿ ಕುಡಿದುಬಿಟ್ಟರೆ? ಸ್ನಾಯುವಿನ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆಯ ದಾಸ್ತಾನು ಉಳಿಯುತ್ತದೆ, ಓಟದ ಕೊನೆಯಲ್ಲಿ ಕಾಲು ಸೋಲುವುದಿಲ್ಲ ಎಂಬುದು ಪೂರಕಗಳ ಹಿಂದಿನ ಲೆಕ್ಕಾಚಾರ. ಆಕ್ಸ್‌ಫರ್ಡ್‌ನ ಕೀರನ್ ಕ್ಲಾರ್ಕ್ ಮತ್ತು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಿಚರ್ಡ್ ವೀಚ್ ಎಸ್ಟರ್ ಪಾನೀಯವನ್ನು ರೂಪಿಸಿದ್ದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ಹಣದಿಂದ. ಊಟ ಸಿಗದ ಸೈನಿಕನ ದಣಿವು ತಗ್ಗಿಸುವುದು ಆಗಿನ ಉದ್ದೇಶವಾಗಿತ್ತು.

ಯಾವ ಅಳತೆಗೋಲಿನಿಂದ ಅಳೆಯುವುದು

ಮೊದಲನೆಯದು, ರಕ್ತದಲ್ಲಿ ಕೀಟೋನ್ ಎಷ್ಟು ಏರುತ್ತದೆ ಎಂಬುದು. ಲೀಟರಿಗೆ 0.5 ಮಿಲಿಮೋಲ್ ದಾಟಿದರೆ ಕೀಟೋಸಿಸ್ ಎನ್ನುವುದು ವಾಡಿಕೆ. ಇಂಧನವಾಗಿ ಲೆಕ್ಕಕ್ಕೆ ಬರಬೇಕಾದರೆ ಸುಮಾರು 1ರಿಂದ 3 ಇರಬೇಕು ಎಂಬ ಅಂದಾಜಿನ ಮೇಲೆ ಸಂಶೋಧನೆಗಳು ನಡೆದಿವೆ. ಎರಡನೆಯದು ಎಲ್ಲಕ್ಕಿಂತ ಮುಖ್ಯ: ಸಾಕಷ್ಟು ಸಕ್ಕರೆ ತೆಗೆದುಕೊಂಡವನು ಅದರ ಮೇಲೆ ಕೀಟೋನನ್ನೂ ಕುಡಿದರೆ ಓಟ ಇನ್ನೂ ಚುರುಕಾಗುತ್ತದೆಯೇ? ಬರೀ ನೀರು ಕುಡಿದವನಿಗಿಂತ ಚೆನ್ನಾಗಿ ಓಡಿದ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ಬಾಳೆಹಣ್ಣು ತಿಂದವನೂ ಅವನಿಗಿಂತ ಚೆನ್ನಾಗಿಯೇ ಓಡುತ್ತಾನೆ. ಮೂರನೆಯದು ಹೊಟ್ಟೆ. ನಾಲ್ಕನೆಯದು ದುಡ್ಡು. ಕೊನೆಯದು ಅಪಾಯ, ಆರೋಗ್ಯದ್ದು ಒಂದು, ಉದ್ದೀಪನ ಮದ್ದಿನ ತಪಾಸಣೆಯದು ಇನ್ನೊಂದು.

ಇವುಗಳ ಜೊತೆಗೆ ಇನ್ನೊಂದನ್ನು ನೀವೇ ನಿರ್ಧರಿಸಿಕೊಳ್ಳಬೇಕು. ಕೀಟೋನ್ ಬೇಕಾಗಿರುವುದು ಸ್ಪರ್ಧೆಯ ದಿನಕ್ಕೋ, ತರಬೇತಿಯ ನಂತರದ ಚೇತರಿಕೆಗೋ? ಇವೆರಡಕ್ಕೂ ಸಾಕ್ಷ್ಯಗಳು ಬೇರೆ ಬೇರೆ ದಿಕ್ಕಿಗೆ ತೋರಿಸುತ್ತವೆ. ಆದರೂ ಜಾಹೀರಾತುಗಳಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ.

ಎಸ್ಟರ್: ನಿಜವಾಗಿ ಕೆಲಸ ಮಾಡುವ ಕೀಟೋನ್, ಆದರೆ ಯಾವ ಕೆಲಸ?

ಕೀಟೋನ್ ಮಟ್ಟ ಏರಿಸುವುದಷ್ಟೇ ಗುರಿಯಾದರೆ ಮಾನೋಎಸ್ಟರ್‌ಗೆ, ಅಂದರೆ ಕ್ಲಾರ್ಕ್ ಮತ್ತು ವೀಚ್ ರೂಪಿಸಿದ ಬಗೆಯ ಎಸ್ಟರಿಗೆ, ಸಾಟಿ ಇಲ್ಲ. ಕುಡಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದ ಮಟ್ಟ 2.5ರಿಂದ 3 ಮಿಲಿಮೋಲ್‌ವರೆಗೆ ಹೋಗುತ್ತದೆ. ಇಷ್ಟನ್ನು ಉಪವಾಸದಿಂದ ಪಡೆಯಲು ಕೆಲವು ದಿನಗಳೇ ಬೇಕು. ರುಚಿಯ ವಿಷಯ ಕೇಳಬೇಡಿ: ಬೇವಿನ ಕಷಾಯಕ್ಕೆ ಸ್ಪಿರಿಟ್ ಬೆರೆಸಿ ಕೊಟ್ಟಂತಿರುತ್ತದೆ.

ಈ ಉತ್ಸಾಹಕ್ಕೆಲ್ಲ ಮೂಲ 2016ರ ಒಂದು ಅಧ್ಯಯನ. ಆಕ್ಸ್‌ಫರ್ಡ್‌ನ ಪೀಟ್ ಕಾಕ್ಸ್ ಮತ್ತು ಸಂಗಡಿಗರು ತರಬೇತಾದ ಎಂಟು ಸೈಕಲ್ ಸವಾರರನ್ನು ಒಂದು ಗಂಟೆ ಒಂದೇ ಲಯದಲ್ಲಿ ತುಳಿಸಿ, ಆಮೇಲೆ ಅರ್ಧ ಗಂಟೆ ಸಾಧ್ಯವಾದಷ್ಟು ದೂರ ಹೋಗಲು ಹೇಳಿದರು. ಬರೀ ಕಾರ್ಬೋಹೈಡ್ರೇಟ್ ಕುಡಿದಾಗಿನದಕ್ಕಿಂತ ಕೀಟೋನ್ ಬೆರೆಸಿ ಕುಡಿದಾಗ ಅವರು ಸರಾಸರಿ 411 ಮೀಟರ್, ಅಂದರೆ ಸುಮಾರು ಶೇ. 2ರಷ್ಟು ಹೆಚ್ಚು ದೂರ ಹೋದರು. ಸ್ಪರ್ಧಾ ಕ್ರೀಡೆಯಲ್ಲಿ ಶೇ. 2 ಅಂದರೆ ದೊಡ್ಡ ಅಂತರ, ಸುದ್ದಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಆ ಪಾನೀಯದ ಪೇಟೆಂಟ್‌ಗಳಲ್ಲಿ ಸಂಶೋಧಕರಲ್ಲೇ ಕೆಲವರ ಹೆಸರಿದ್ದುದನ್ನು ಮಾತ್ರ ಸುದ್ದಿ ಓದಿದ ಹೆಚ್ಚಿನವರು ಗಮನಿಸಲಿಲ್ಲ.

ಆಮೇಲೆ ಬಂದದ್ದೆಲ್ಲ ತಣ್ಣೀರು. 2017ರಲ್ಲಿ ವಿಶ್ವ ದರ್ಜೆಯ ಸೈಕಲ್ ಸವಾರರಿಗೆ ಇನ್ನೊಂದು ಬಗೆಯ ಎಸ್ಟರ್, ಡೈಎಸ್ಟರ್, ಕೊಟ್ಟು ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನ ಸುಮಾರು 31 ಕಿಲೋಮೀಟರ್ ಮಾರ್ಗವನ್ನು ಪ್ರಯೋಗಾಲಯದಲ್ಲಿ ತುಳಿಸಲಾಯಿತು. ಅವರು ಶೇ. 2ರಷ್ಟು ನಿಧಾನವಾದರು, ಹೊಟ್ಟೆಯ ತೊಂದರೆಯಿಂದ ಒಬ್ಬರು ಪರೀಕ್ಷೆಯನ್ನೇ ಮುಗಿಸಲಿಲ್ಲ. 2019ರಲ್ಲಿ ಡಬ್ಲಿನ್‌ನ ಬ್ರೆಂಡನ್ ಈಗನ್ ಅವರ ತಂಡ ಓಟಗಾರರಿಗೆ ಮಾನೋಎಸ್ಟರನ್ನೇ ಕೊಟ್ಟು 10 ಕಿಲೋಮೀಟರ್ ಓಡಿಸಿತು; ವೇಗದಲ್ಲಿ ವ್ಯತ್ಯಾಸವಾಗಲಿಲ್ಲ. ನನಗೆ ಹೆಚ್ಚು ತೂಕದ್ದಾಗಿ ಕಾಣುವುದು ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ 2020ರ ಪ್ರಯೋಗ. ಮೂರು ಗಂಟೆಯ ಕೃತಕ ಸೈಕಲ್ ಸ್ಪರ್ಧೆ, ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್, ಕೊನೆಗೆ ಟೈಮ್ ಟ್ರಯಲ್ (ಗಡಿಯಾರದ ವಿರುದ್ಧದ ಸವಾರಿ) ಮತ್ತು ಸ್ಪ್ರಿಂಟ್, ಅಂದರೆ ನಿಜವಾದ ರಸ್ತೆ ಸ್ಪರ್ಧೆಗೆ ತೀರಾ ಹತ್ತಿರ. ಕೀಟೋನ್ ಸೇರಿಸಿದ್ದರಿಂದ ಸಾಧನೆಯೂ ಹೆಚ್ಚಲಿಲ್ಲ, ಸ್ನಾಯುವಿನ ಗ್ಲೈಕೋಜನ್ನೂ ಉಳಿಯಲಿಲ್ಲ. ಮೂಲ ಲೆಕ್ಕಾಚಾರ ನಿಂತಿದ್ದದ್ದೇ ಗ್ಲೈಕೋಜನ್ ಉಳಿಯುತ್ತದೆ ಎಂಬುದರ ಮೇಲೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2023ರಲ್ಲಿ 23 ಸೈಕಲ್ ಸವಾರರ ಮೇಲೆ ನಡೆಸಿದ 20 ನಿಮಿಷದ ಪರೀಕ್ಷೆಯಲ್ಲಂತೂ ಕೀಟೋನ್ ಕುಡಿದಾಗ ಶಕ್ತಿ ಶೇ. 2.4ರಷ್ಟು ಕುಸಿಯಿತು.

ಹೀಗಾಗಲು ಕಾರಣಗಳಿವೆ. ಎಸ್ಟರ್ ರಕ್ತಕ್ಕೆ ಆಮ್ಲವನ್ನು ಸುರಿಯುತ್ತದೆ, ಬೈಕಾರ್ಬನೇಟ್ ಮಟ್ಟ ಇಳಿಯುತ್ತದೆ. ಆಮ್ಲವನ್ನು ತಗ್ಗಿಸುವ ಈ ಬೈಕಾರ್ಬನೇಟೇ ಜೋರಾಗಿ ಓಡುವಾಗ ಸ್ನಾಯುವಿಗೆ ಬೇಕಾದ ರಕ್ಷಣೆ. ಕೀಟೋನ್ ತುಂಬಿರುವಾಗ ಸಕ್ಕರೆಯನ್ನು ವೇಗವಾಗಿ ಒಡೆಯುವ ಕ್ರಿಯೆಯೂ ಮಂದವಾಗುತ್ತದೆ, ಅದಕ್ಕೂ ಅವಶ್ಯಕತೆ ಇರುವುದು ಅಂತಹ ಗಳಿಗೆಯಲ್ಲೇ. ಲ್ಯೂವೆನ್‌ನವರು ಸೋಡಿಯಂ ಬೈಕಾರ್ಬನೇಟ್, ಅಂದರೆ ಅಡುಗೆ ಸೋಡಾ, ಜೊತೆಗೆ ಕೊಟ್ಟು ನೋಡಿದರು. ಒಂದು ಪ್ರಯೋಗದಲ್ಲಿ 15 ನಿಮಿಷದ ಸಾಧನೆ ಶೇ. 5ರಷ್ಟು ಸುಧಾರಿಸಿತು; ಮತ್ತೊಂದು ಪ್ರಯೋಗದಲ್ಲಿ ಸೋಡಾ ಇದ್ದರೂ 30 ನಿಮಿಷದ ಸಾಧನೆ ಕುಂದಿತು. ಒಂದೇ ಪ್ರಯೋಗಾಲಯ, ಎರಡು ಉತ್ತರ. ಇಂತಹುದರ ಮೇಲೆ ನಿಮ್ಮ ಮ್ಯಾರಥಾನನ್ನು ಪಣಕ್ಕಿಡಬೇಡಿ.

ಚೇತರಿಕೆಯ ಕಡೆಗೆ ಬಂದರೆ ಕಥೆ ಸ್ವಲ್ಪ ಬದಲಾಗುತ್ತದೆ. 2019ರಲ್ಲಿ ಅದೇ ಲ್ಯೂವೆನ್ ತಂಡ 18 ಯುವಕರಿಗೆ ಮೂರು ವಾರ ಬೇಕೆಂದೇ ಅತಿಯಾದ ತರಬೇತಿ ಕೊಟ್ಟಿತು. ಪ್ರತಿ ಅಭ್ಯಾಸದ ನಂತರ ಮತ್ತು ಮಲಗುವ ಮುನ್ನ ಒಂದು ಗುಂಪಿಗೆ 25 ಗ್ರಾಂ ಎಸ್ಟರ್, ಇನ್ನೊಂದಕ್ಕೆ ಅಷ್ಟೇ ಕ್ಯಾಲೊರಿಯ ಬೇರೆ ಪಾನೀಯ. ಕೊನೆಗೆ ಎರಡು ಗಂಟೆಯ ಪರೀಕ್ಷೆಯ ಅಂತ್ಯದಲ್ಲಿ ಕೀಟೋನ್ ಗುಂಪಿನವರ ಶಕ್ತಿ ಶೇ. 15ರಷ್ಟು ಹೆಚ್ಚಾಗಿತ್ತು, ಅತಿ ದಣಿವಿನ ಲಕ್ಷಣಗಳು ಕಡಿಮೆ ಇದ್ದವು. ವೃತ್ತಿಪರ ತಂಡಗಳು ಬಾಟಲಿಯನ್ನು ಸ್ಪರ್ಧೆಯ ನಡುವಿನಿಂದ ಸಂಜೆಗೆ ಸರಿಸಿದ್ದಕ್ಕೆ ಇಂತಹ ಫಲಿತಾಂಶಗಳೇ ಕಾರಣ. ಆದರೆ ಇದರೊಳಗೆ ಒಂದು ತೊಡಕಿದೆ: ಕೀಟೋನ್ ಗುಂಪಿನವರು ತರಬೇತಿ ಹೆಚ್ಚಿದಂತೆ ಊಟವನ್ನೂ ತಾವಾಗಿಯೇ ಹೆಚ್ಚಿಸಿಕೊಂಡಿದ್ದರು, ಇನ್ನೊಂದು ಗುಂಪು ಹಾಗೆ ಮಾಡಲಿಲ್ಲ. ಚೇತರಿಕೆ ಬಂದದ್ದು ಕೀಟೋನಿನಿಂದಲೋ ಹೆಚ್ಚುವರಿ ತಟ್ಟೆಯಿಂದಲೋ ಬಿಡಿಸಿ ಹೇಳುವುದು ಕಷ್ಟ. ಇದು ಸಣ್ಣ ವಿಷಯವಲ್ಲ, ಏಕೆಂದರೆ ಹೆಚ್ಚುವರಿ ತಟ್ಟೆ ನಿಮಗೆ ಇವತ್ತೇ ಸಿಗುತ್ತದೆ.

ಗ್ಲೈಕೋಜನ್ ಮರುತುಂಬುವ ವಿಷಯದಲ್ಲೂ ಇದೇ ಗೊಂದಲ. ಗ್ಲೂಕೋಸನ್ನು ನೇರವಾಗಿ ರಕ್ತನಾಳಕ್ಕೆ ಹರಿಸಿದ ಆಕ್ಸ್‌ಫರ್ಡ್ ಪ್ರಯೋಗದಲ್ಲಿ ಎಸ್ಟರಿನಿಂದ ಗ್ಲೈಕೋಜನ್ ಹೆಚ್ಚು ತುಂಬಿತು; ಕ್ರೀಡಾಪಟುಗಳು ಸಾಮಾನ್ಯವಾಗಿ ಕುಡಿಯುವ ಸಕ್ಕರೆ ಮತ್ತು ಪ್ರೋಟೀನಿನ ಪಾನೀಯಕ್ಕೆ ಸೇರಿಸಿದ ಲ್ಯೂವೆನ್ ಪ್ರಯೋಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಓಟ ಮುಗಿಸಿ ಮನೆಗೆ ಬಂದು ನೀವು ಮಾಡುವುದು ಎರಡನೆಯದನ್ನು.

ಇನ್ನು ದುಡ್ಡು. 2017ರಲ್ಲಿ ಅಮೆರಿಕದ ಎಚ್‌ವಿಎಂಎನ್ ಕಂಪನಿ 25 ಗ್ರಾಂನ ಮೂರು ಬಾಟಲಿಗಳನ್ನು 99 ಡಾಲರ್‌ಗೆ ಮಾರುಕಟ್ಟೆಗೆ ಬಿಟ್ಟಿತು. ಒಂದಕ್ಕೆ 33 ಡಾಲರ್, ಈಚಿನ ವಿನಿಮಯ ದರದಲ್ಲಿ 2,800 ರೂಪಾಯಿಗೂ ಮೇಲೆ; ಸಾಗಾಟ, ಸುಂಕ ಬೇರೆ. ಲ್ಯೂವೆನ್ ಪ್ರಯೋಗದಂತೆ ದಿನಕ್ಕೆ ಕನಿಷ್ಠ ಎರಡರ ಲೆಕ್ಕದಲ್ಲಿ ಮೂರು ವಾರ ಕುಡಿದರೆ ಖರ್ಚು ಲಕ್ಷ ದಾಟುತ್ತದೆ.

ಲವಣ ಮತ್ತು ಬ್ಯುಟೇನ್‌ಡಯಾಲ್

ಲವಣಗಳ ಮೇಲೆ ಹೆಚ್ಚು ಮಾತು ಖರ್ಚು ಮಾಡುವುದಿಲ್ಲ. ಬೀಟಾ ಹೈಡ್ರಾಕ್ಸಿಬ್ಯುಟಿರೇಟನ್ನು ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಬೆಸೆದು ಮಾಡಿದ ಪುಡಿ ಇದು. ಆನ್‌ಲೈನ್ ಅಂಗಡಿಗಳಲ್ಲಿ ಕೀಟೋನ್ ಎಂದು ಹುಡುಕಿದರೆ ಬರುವುದರಲ್ಲಿ ಬಹುಪಾಲು ಇದೇ, ಎಸ್ಟರಿಗಿಂತ ಅಗ್ಗವೂ ಹೌದು. ರಕ್ತದ ಮಟ್ಟ ಸುಮಾರು 1 ಮಿಲಿಮೋಲ್‌ಗೆ ನಿಂತುಬಿಡುತ್ತದೆ. ಹಲವು ಪುಡಿಗಳಲ್ಲಿ ಬಲ ಮತ್ತು ಎಡ ಎಂಬ ಎರಡು ರೂಪಗಳು ಸಮನಾಗಿ ಬೆರೆತಿದ್ದು, ದೇಹ ಸಲೀಸಾಗಿ ಬಳಸುವುದು ಒಂದನ್ನು ಮಾತ್ರ. ಒಂದು ಪ್ರಮಾಣದಲ್ಲೇ ಒಂದು ಗ್ರಾಂ ಆಸುಪಾಸು ಸೋಡಿಯಂ ಸೇರಿರುವುದುಂಟು; ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದು ಎರಡು ಗ್ರಾಂಗಿಂತ ಕಡಿಮೆ. ರಕ್ತದೊತ್ತಡ ಇರುವವರು ಇಲ್ಲಿಗೇ ಓದು ನಿಲ್ಲಿಸಿ ಮುಂದಿನ ಆಯ್ಕೆಗೆ ಹೋಗಬಹುದು. ಉಳಿದವರಿಗೆ, 2017ರ ಒಂದು ಪ್ರಯೋಗದಲ್ಲಿ ಲವಣ ಕುಡಿದವರ ಶಕ್ತಿ ಶೇ. 7ರಷ್ಟು ಕಡಿಮೆಯಾಯಿತು. ದುಡ್ಡು ಕೊಟ್ಟು ನಿಧಾನವಾಗುವುದು, ಜೊತೆಗೆ ಭೇದಿಯ ಸಂಭವ. ಅಗ್ಗ ಎಂಬುದೊಂದೇ ಇದರ ಗುಣ. ಕೊಂಡವರು ಮತ್ತೆ ಎಸ್ಟರ್ ಕೊಳ್ಳುವುದರಿಂದ ಆ ಗುಣವೂ ಉಳಿಯುವುದಿಲ್ಲ.

ಬ್ಯುಟೇನ್‌ಡಯಾಲ್ ಒಂದು ಬಗೆಯ ಆಲ್ಕೋಹಾಲ್. ಯಕೃತ್ತು ಅದನ್ನು ಕೀಟೋನಾಗಿ ಬದಲಿಸುತ್ತದೆ. ಈಚಿನ ಹಲವು ಸಣ್ಣ ಬಾಟಲಿಗಳಲ್ಲಿ ಇರುವುದು ಇದೇ, ಎಸ್ಟರ್ ಅಲ್ಲ. ಬೆಲೆಯ ವ್ಯತ್ಯಾಸಕ್ಕೂ ಅದೇ ಕಾರಣ, ಆದ್ದರಿಂದ ಹಿಂಬದಿಯ ಪದಾರ್ಥಗಳ ಪಟ್ಟಿಯನ್ನು ಓದಿ. ಮಟ್ಟ ನಿಧಾನವಾಗಿ ಏರುತ್ತದೆ, ಎಸ್ಟರಿನಷ್ಟು ಎತ್ತರಕ್ಕೂ ಹೋಗುವುದಿಲ್ಲ. ಸೈಕಲ್ ಟೈಮ್ ಟ್ರಯಲ್‌ನಲ್ಲೂ 5 ಕಿಲೋಮೀಟರ್ ಓಟದಲ್ಲೂ ಇದನ್ನು ಪರೀಕ್ಷಿಸಿದ್ದಾರೆ, ಲಾಭ ಕಂಡಿಲ್ಲ. ಕೆಲವರಿಗೆ ತಲೆ ಹಗುರಾದಂತೆ, ಅಮಲಿನಂತೆ ಅನಿಸುತ್ತದೆ. ನಸುಕಿನ ಕತ್ತಲೆಯಲ್ಲಿ ಹೆದ್ದಾರಿಯಲ್ಲಿ ಸೈಕಲ್ ತುಳಿಯುವವರು ಇದನ್ನು ಯೋಚಿಸಲೇಬೇಕು.

ತೆಂಗಿನೆಣ್ಣೆಯ ಆಸೆ

ತಿಪಟೂರಿನ ಕೊಬ್ಬರಿಯ ನಾಡಿನವರು ಈ ಪ್ರಶ್ನೆ ಕೇಳುವುದು ಸಹಜ. ಮಧ್ಯಮ ಸರಪಳಿಯ ಕೊಬ್ಬು, ಅಂದರೆ ಎಂಸಿಟಿ, ನೇರವಾಗಿ ಯಕೃತ್ತಿಗೆ ಹೋಗಿ ಕೀಟೋನಾಗುತ್ತದೆ ಎಂಬುದು ನಿಜ. ಆದರೆ ಆ ಕೆಲಸ ಚೆನ್ನಾಗಿ ಮಾಡುವುದು ಎಂಟು ಇಂಗಾಲದ ಕ್ಯಾಪ್ರಿಲಿಕ್ ಆಮ್ಲ, ಅದರ ನಂತರ ಹತ್ತು ಇಂಗಾಲದ್ದು. ತೆಂಗಿನೆಣ್ಣೆಯ ಹೆಚ್ಚುಕಡಿಮೆ ಅರ್ಧ ಭಾಗ ಹನ್ನೆರಡು ಇಂಗಾಲದ ಲಾರಿಕ್ ಆಮ್ಲ. ಅದು ಬಹುಮಟ್ಟಿಗೆ ಸಾಧಾರಣ ಕೊಬ್ಬಿನ ದಾರಿಯಲ್ಲೇ ಸಾಗುತ್ತದೆ. ಬೇರ್ಪಡಿಸಿದ ಎಂಸಿಟಿ ಎಣ್ಣೆಯೂ ರಕ್ತದ ಮಟ್ಟವನ್ನು 0.5ರ ಸುತ್ತಮುತ್ತ ತರುತ್ತದೆಯಷ್ಟೆ. ಮೇಲೆ ಹೋಗಲು ಹೆಚ್ಚು ಕುಡಿದರೆ ಹೊಟ್ಟೆ ಹಿಂಡುತ್ತದೆ. 1990ರ ದಶಕದ ಒಂದು ಪ್ರಯೋಗದಲ್ಲಿ ಸೈಕಲ್ ಸವಾರರಿಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದಾಗ ಸಾಧನೆ ಕೆಟ್ಟದ್ದೇ ಹೊರತು ಸುಧಾರಿಸಲಿಲ್ಲ. ತೆಂಗಿನೆಣ್ಣೆ ಒಗ್ಗರಣೆಗೆ ಇರಲಿ.

ಕೀಟೋ ಪಥ್ಯ: ಇಂಧನ ಹೆಚ್ಚು, ವೇಗ ಕಡಿಮೆ

ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದಿನಕ್ಕೆ 50 ಗ್ರಾಂಗಿಂತ ಕಡಿಮೆ ಕಾರ್ಬೋಹೈಡ್ರೇಟ್ ತಿಂದು ಕೆಲವು ವಾರ ಒಗ್ಗಿಕೊಂಡರೆ ದೇಹ ಕೊಬ್ಬನ್ನು ಬಳಸುವ ಪರಿ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಅಮೆರಿಕದ ಜೆಫ್ ವೋಲೆಕ್ ಅವರ ತಂಡ ಪರೀಕ್ಷಿಸಿದ 20 ಅಲ್ಟ್ರಾ (ಮ್ಯಾರಥಾನಿಗಿಂತ ದೂರದ) ಓಟಗಾರರಲ್ಲಿ, ಪಥ್ಯಕ್ಕೆ ಒಗ್ಗಿದವರು ನಿಮಿಷಕ್ಕೆ ಸುಮಾರು 1.5 ಗ್ರಾಂ ಕೊಬ್ಬನ್ನು ಉರಿಸುತ್ತಿದ್ದರು, ಉಳಿದವರು ಅದರ ಅರ್ಧಕ್ಕಿಂತ ಕಡಿಮೆ. ತೆಳ್ಳಗಿನ ಓಟಗಾರನ ಮೈಯಲ್ಲೂ ಹತ್ತಾರು ಸಾವಿರ ಕ್ಯಾಲೊರಿಯ ಕೊಬ್ಬಿರುತ್ತದೆ. ಹಾಗಾದರೆ ದಣಿವೇ ಬಾರದಲ್ಲವೇ?

ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ಇದನ್ನೇ ಒರೆಗೆ ಹಚ್ಚಿದರು. 2017ರಲ್ಲಿ ಪ್ರಕಟವಾದ ‘ಸೂಪರ್‌ನೋವಾ’ ಅಧ್ಯಯನದಲ್ಲಿ ಅಂತರರಾಷ್ಟ್ರೀಯ ಮಟ್ಟದ ನಡಿಗೆ ಸ್ಪರ್ಧಿಗಳು ಮೂರು ವಾರ ಒಂದೇ ತರಬೇತಿ, ಬೇರೆ ಬೇರೆ ಊಟದಲ್ಲಿದ್ದರು. ಹೆಚ್ಚು ಕಾರ್ಬೋಹೈಡ್ರೇಟ್ ತಿಂದವರ 10 ಕಿಲೋಮೀಟರ್ ನಡಿಗೆಯ ಸಾಧನೆ ಶೇ. 6.6ರಷ್ಟು ಉತ್ತಮಗೊಂಡಿತು. ಕೀಟೋ ಗುಂಪಿನದು ಶೇ. 1.6ರಷ್ಟು ಹಿಂದೆ ಸರಿಯಿತು. ಕೊಬ್ಬು ಉರಿಸುವ ಸಾಮರ್ಥ್ಯ ಅವರಲ್ಲಿ ಏರಿತ್ತು, ಅನುಮಾನವಿಲ್ಲ. ಆದರೆ ಅಷ್ಟೇ ವೇಗಕ್ಕೆ ಹೆಚ್ಚು ಆಮ್ಲಜನಕ ಬೇಕಾಯಿತು. ಒಂದು ಲೀಟರ್ ಆಮ್ಲಜನಕದಿಂದ ಕಾರ್ಬೋಹೈಡ್ರೇಟ್ ಕೊಡುವಷ್ಟು ಶಕ್ತಿಯನ್ನು ಕೊಬ್ಬು ಕೊಡುವುದಿಲ್ಲ. ಉಸಿರಿನ ಮಿತಿಯಲ್ಲೇ ಓಡುವವನಿಗೆ ಇದು ನೇರ ನಷ್ಟ. ಸಂದೇಹಪಟ್ಟವರಿಗಾಗಿ ಬರ್ಕ್ ಅದೇ ಪ್ರಯೋಗವನ್ನು ಮತ್ತೆ ಮಾಡಿದರು, 2020ರಲ್ಲಿ ಅದೇ ಉತ್ತರ ಪ್ರಕಟವಾಯಿತು.

ಆದ್ದರಿಂದ ಎಷ್ಟು ಹೊತ್ತು ಸಾಗುತ್ತೇವೆ ಎಂಬುದೇ ಮುಖ್ಯ, ವೇಗವಲ್ಲ ಎನ್ನುವವರಿಗೆ, ದಿನವಿಡೀ ನಿಧಾನವಾಗಿ ಸಾಗುವವರಿಗೆ, ಸಿಹಿ ಕುಡಿದರೆ ಹೊಟ್ಟೆ ಕೆಡುವವರಿಗೆ ಮಾತ್ರ ಇದು ಯೋಚಿಸಬಹುದಾದ ದಾರಿ. ಮನೆಯಲ್ಲಿ ಎಲ್ಲರಿಗೂ ಮುದ್ದೆ, ನಿಮಗೊಬ್ಬರಿಗೆ ಪನೀರು ಮೊಟ್ಟೆ ಎಂಬ ವ್ಯವಸ್ಥೆ ಎಷ್ಟು ದಿನ ನಡೆಯುತ್ತದೆ ಎಂಬುದನ್ನೂ, ಸಸ್ಯಾಹಾರಿಯಾದರೆ ಬೇಳೆಯೂ ಮಿತಿ ಮೀರುತ್ತದೆ ಎಂಬುದನ್ನೂ ಮೊದಲೇ ಲೆಕ್ಕ ಹಾಕಿ.

ಸಕ್ಕರೆ, ಬೆಲ್ಲ ಮತ್ತು ಒಂದು ಲೋಟ ಕಾಫಿ

ಒಂದರಿಂದ ಎರಡೂವರೆ ಗಂಟೆಯ ಸ್ಪರ್ಧೆಗೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಅದಕ್ಕಿಂತ ದೀರ್ಘವಾದರೆ 90 ಗ್ರಾಂವರೆಗೆ ಎಂಬುದು ಕ್ರೀಡಾ ಪೋಷಣೆಯಲ್ಲಿ ಬಹುಕಾಲದಿಂದ ನಿಂತಿರುವ ಸಲಹೆ. ಗ್ಲೂಕೋಸ್ ಒಂದನ್ನೇ ಕುಡಿದರೆ ಕರುಳು ಗಂಟೆಗೆ 60 ಗ್ರಾಂ ಹತ್ತಿರ ಕೈಚೆಲ್ಲುತ್ತದೆ. ಫ್ರಕ್ಟೋಸ್ ಬೇರೆ ಬಾಗಿಲಿನಿಂದ ಒಳಹೋಗುವುದರಿಂದ ಎರಡೂ ಬೆರೆತರೆ ಹೆಚ್ಚು ಸೇರುತ್ತದೆ. ಅಡುಗೆಮನೆಯ ಸಕ್ಕರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ದುಬಾರಿ ಪುಡಿಗಳು 1:0.8 ಎಂದು ಬರೆದುಕೊಳ್ಳುವ ಅನುಪಾತಕ್ಕೆ ಇದು ಎಷ್ಟು ಹತ್ತಿರವಿದೆ ನೋಡಿ. ಮುಕ್ಕಾಲು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ನಿಂಬೆರಸ: ಖರ್ಚು ಹತ್ತು ರೂಪಾಯಿ ದಾಟುವುದಿಲ್ಲ. ಬೆಲ್ಲದ ಪಾನಕವೂ ಆದೀತು, ಶುಂಠಿ ಹಿತಮಿತವಾಗಿರಲಿ. ಕಿಸೆಯಲ್ಲಿ ಬಾಳೆಹಣ್ಣು, ಖರ್ಜೂರ, ಕಡಲೆ ಚಿಕ್ಕಿ ಇಟ್ಟುಕೊಳ್ಳುವುದು ಬ್ರೆವೆ ಸವಾರರಿಗೆ ಹೊಸದೇನಲ್ಲ. ವೇಗದ ಓಟಕ್ಕೆ ಮಾತ್ರ ಚಿಕ್ಕಿ ಬೇಡ, ಕಡಲೆಯ ಕೊಬ್ಬು ಹೊಟ್ಟೆಯಲ್ಲೇ ಕೂರುತ್ತದೆ.

ನಾನು ಕಂಡ ಹವ್ಯಾಸಿ ಓಟಗಾರರಲ್ಲಿ ಹೆಚ್ಚಿನವರು ಮ್ಯಾರಥಾನಿನಲ್ಲಿ ಗಂಟೆಗೆ ಒಂದು ಎನರ್ಜಿ ಜೆಲ್ ಪೊಟ್ಟಣ ತಿಂದು ಸಾಕು ಎನ್ನುತ್ತಾರೆ. ಅದರಲ್ಲಿರುವುದು 25 ಗ್ರಾಂ ಆಸುಪಾಸು. 32ನೇ ಕಿಲೋಮೀಟರ್‌ನಲ್ಲಿ ಕಾಲು ನಿಂತರೆ ತಪ್ಪು ಕೀಟೋನ್ ಇಲ್ಲದ್ದಲ್ಲ. ಒಮ್ಮೆಗೇ 60ಕ್ಕೆ ಜಿಗಿಯಲೂ ಆಗದು, ಕರುಳಿಗೂ ಅಭ್ಯಾಸ ಬೇಕು: ವಾರದ ದೀರ್ಘ ಓಟದಲ್ಲಿ 30ರಿಂದ ಆರಂಭಿಸಿ ಕೆಲವು ವಾರಗಳಲ್ಲಿ ಏರಿಸುತ್ತ ಹೋಗಿ.

ಕೆಫೀನ್ ಬಗ್ಗೆ ಒಂದೇ ಮಾತು. ದೇಹದ ತೂಕದ ಕಿಲೋಗೆ 3 ಮಿಲಿಗ್ರಾಂ, ಅಂದರೆ 60 ಕಿಲೋ ಇರುವವರಿಗೆ 180 ಮಿಲಿಗ್ರಾಂ, ಓಟಕ್ಕೆ ಸುಮಾರು ಒಂದು ಗಂಟೆ ಮುಂಚೆ. ಆಸ್ಟ್ರೇಲಿಯಾದ ಕ್ರೀಡಾ ಸಂಸ್ಥೆ ಬಲವಾದ ಸಾಕ್ಷ್ಯವಿದೆ ಎಂದು ಮೊದಲ ಸಾಲಿನಲ್ಲಿಟ್ಟಿರುವ ಕೆಲವೇ ಪೂರಕಗಳಲ್ಲಿ ಇದೂ ಒಂದು, ಬೀಟ್‌ರೂಟ್ ರಸ ಇನ್ನೊಂದು. ಫಿಲ್ಟರ್ ಕಾಫಿಯ ಡಿಕಾಕ್ಷನ್ ಮನೆಮನೆಗೂ ಬೇರೆ. ಎಷ್ಟು ಗಟ್ಟಿ ಕುಡಿದರೆ ನಿಮಗೆ ಕೈ ನಡುಗುತ್ತದೆ ಎಂಬುದನ್ನು ತರಬೇತಿಯ ದಿನವೇ ತಿಳಿದುಕೊಳ್ಳಿ.

ಯಾರಿಗೆ ಯಾವುದು

10 ಕಿಲೋಮೀಟರ್ ಮತ್ತು ಹಾಫ್ ಮ್ಯಾರಥಾನ್ ಓಡುವವರಿಗೆ ಯಾವ ಕೀಟೋನೂ ಬೇಡ. ಬೆಂಗಳೂರಿನ ಟಿಸಿಎಸ್ ವರ್ಲ್ಡ್ 10ಕೆ ಇಡೀ ಓಟವೇ ಕೀಟೋನ್ ಹಿನ್ನಡೆ ತರುವ ತೀವ್ರತೆಯಲ್ಲಿ ನಡೆಯುತ್ತದೆ. ಮ್ಯಾರಥಾನಿಗೂ ನನ್ನ ಉತ್ತರ ಅದೇ, ಸ್ವಲ್ಪ ಮೆಲ್ಲನೆ ಹೇಳುತ್ತೇನೆ ಅಷ್ಟೆ: ಲಾಭದ ಸಾಕ್ಷ್ಯವಿಲ್ಲ, ಹೊಟ್ಟೆ ಕೆಡುವ ಸಂಭವವಿದೆ, ಗಂಟೆಗೆ 60 ಗ್ರಾಂ ತಲುಪುವ ಕೆಲಸ ಇನ್ನೂ ಬಾಕಿ ಇದೆ.

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಂತಹ ಓಟ, 40 ಗಂಟೆಯ ಗಡುವಿನ 600 ಕಿಲೋಮೀಟರ್ ಬ್ರೆವೆ, ಇಂತಹ ಕಡೆ ತೀವ್ರತೆ ಕಡಿಮೆ, ನಿದ್ದೆಗೇಡಿನ ಕಾಟ ಹೆಚ್ಚು. 100 ಕಿಲೋಮೀಟರ್ ಓಟದಲ್ಲಿ ಎಸ್ಟರ್ ಕುಡಿದವರ ಮಿದುಳಿನ ಚುರುಕು ಉತ್ತಮವಾಗಿ ಉಳಿಯಿತು ಎಂಬ ಫಲಿತಾಂಶ ಲ್ಯೂವೆನ್‌ನಿಂದಲೇ ಬಂದಿದೆ. ದುಡ್ಡಿನ ಚಿಂತೆ ಇಲ್ಲದ, ಊಟ, ನೀರು, ಬೆಳಕು, ಟೈರು ಎಲ್ಲವನ್ನೂ ಸರಿಪಡಿಸಿಕೊಂಡ ಅನುಭವಿಗೆ ಇದು ಪ್ರಯೋಗಿಸಿ ನೋಡಬಹುದಾದ ಏಕೈಕ ಸ್ಪರ್ಧಾ ಸನ್ನಿವೇಶ ಎಂದು ನನಗನಿಸುತ್ತದೆ. ಅದೇ ಸವಾರನಿಗೆ ಬೆಳಗಿನ ಜಾವ ನಾಲ್ಕಕ್ಕೆ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಹದಿನೈದು ನಿಮಿಷದ ನಿದ್ದೆ ಮತ್ತು ಕಾಫಿ ಕೂಡ ಲಭ್ಯವಿದೆ, ಬಿಲ್ಲು ಮೂವತ್ತು ರೂಪಾಯಿ.

ದಿನಗಟ್ಟಲೆ ಸತತವಾಗಿ ಸ್ಪರ್ಧಿಸುವ ಸೈಕಲ್ ಸವಾರರು, ರಾಷ್ಟ್ರೀಯ ಶಿಬಿರದ ಮಟ್ಟದಲ್ಲಿ ತರಬೇತಿ ಪಡೆಯುವವರು, ಇವರಿಗೆ ಮಾತ್ರ ಸಂಜೆಯ ಎಸ್ಟರ್ ಚರ್ಚೆಗೆ ಅರ್ಹ. ಅವರೂ ಮೊದಲು ಕ್ಯಾಲೊರಿ ಲೆಕ್ಕ ಸರಿ ಇದೆಯೇ ನೋಡಿಕೊಳ್ಳಲಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2025ರ ಅಕ್ಟೋಬರ್‌ನಲ್ಲಿ, ಸಾಧನೆಗಾಗಲಿ ಚೇತರಿಕೆಗಾಗಲಿ ಬಲವಾದ ಸಾಕ್ಷ್ಯವಿಲ್ಲವೆಂದು ಹೇಳಿ ಕೀಟೋನ್ ಪೂರಕಗಳನ್ನು ತಾನು ಶಿಫಾರಸು ಮಾಡುವುದಿಲ್ಲ ಎಂದು ಪ್ರಕಟಿಸಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿ ಕೀಟೋನ್ ಇಲ್ಲ. ಆದರೆ ತಪಾಸಣೆಗೆ ಒಳಪಡುವ ಕ್ರೀಡಾಪಟುವಿಗೆ ಭಯವಿರಬೇಕಾದದ್ದು ಪುಡಿಯಲ್ಲಿ ಬರೆಯದೆ ಬೆರೆತ ವಸ್ತುವಿನದು. ಮಾದರಿಯಲ್ಲಿ ಸಿಕ್ಕಿದರೆ ಹೊಣೆ ಕ್ರೀಡಾಪಟುವಿನದೇ. ಇನ್‌ಫಾರ್ಮ್ಡ್ ಸ್ಪೋರ್ಟ್‌ನಂತಹ ಮೂರನೆಯವರ ಪರೀಕ್ಷೆಯ ಮುದ್ರೆ ಇಲ್ಲದ ಡಬ್ಬಿಯನ್ನು ಮುಟ್ಟಬೇಡಿ.

ಯಾರು ಮುಟ್ಟಲೇಬಾರದು ಎಂಬುದನ್ನೂ ಹೇಳಬೇಕು. ಮೊದಲ ಬಗೆಯ ಮಧುಮೇಹ ಇರುವವರಿಗೆ ಕೀಟೋನ್ ಏರುವುದು ಪ್ರಾಣಕ್ಕೇ ಎರವಾಗಬಹುದು. ನಲವತ್ತು ದಾಟಿದ ಮೇಲೆ ಓಟ ಹಿಡಿದ ನಮ್ಮವರಲ್ಲಿ ಎರಡನೆಯ ಬಗೆಯ ಮಧುಮೇಹಕ್ಕೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ನುಂಗುವವರು ಬಹಳ ಮಂದಿ; ಆ ಔಷಧಗಳೇ ಕೀಟೋಆಸಿಡೋಸಿಸ್‌ನ ಅಪಾಯವನ್ನು ಹೆಚ್ಚಿಸುತ್ತವೆ, ಸಕ್ಕರೆ ಮಟ್ಟ ಅಷ್ಟೇನೂ ಏರದಿರುವಾಗಲೂ. ಅಂತಹವರು ಪೂರಕವನ್ನಾಗಲಿ ಕೀಟೋ ಪಥ್ಯವನ್ನಾಗಲಿ ವೈದ್ಯರನ್ನು ಕೇಳದೆ ಆರಂಭಿಸಬಾರದು. ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ಕೂಡ ಹಾಗೆಯೇ.

ಇಷ್ಟಾದ ಮೇಲೂ ಕೊಳ್ಳುವ ಮನಸ್ಸಿದ್ದರೆ ಮಾನೋಎಸ್ಟರನ್ನೇ ಕೊಳ್ಳಿ, ಅದೂ ಎರಡು ಮೂರು ಬಾಟಲಿ ಮಾತ್ರ. ಬೆರಳು ಚುಚ್ಚಿ ರಕ್ತದ ಕೀಟೋನ್ ಅಳೆಯುವ ಮೀಟರ್, ಪಟ್ಟಿಗಳು ಔಷಧದ ಅಂಗಡಿಯಲ್ಲಿ ಸಿಗುತ್ತವೆ. ಕುಡಿಯುವ ಮುಂಚೆ ಒಮ್ಮೆ, ಒಂದು ಗಂಟೆಯ ನಂತರ ಒಮ್ಮೆ ಅಳೆದರೆ ಮಟ್ಟ 2 ದಾಟಿದೆಯೇ ಎಂದು ತಿಳಿಯುತ್ತದೆ. ದಾಟದಿದ್ದರೆ ನಿಮಗೆ ಮಾರಿದ್ದು ಎಸ್ಟರ್ ಅಲ್ಲದಿರಬಹುದು, ಅಥವಾ ಪ್ರಮಾಣ ಸಾಲದು. ಆಮೇಲೆ ನಿಮಗೆ ಚಿರಪರಿಚಿತವಾದ ಒಂದು ಮಾರ್ಗದಲ್ಲಿ, ಅದೇ ಬೆಳಗಿನ ಹೊತ್ತು, ಅದೇ ತಿಂಡಿ ತಿಂದು, ಒಂದು ವಾರ ಗಂಟೆಗೆ 60 ಗ್ರಾಂ ಸಕ್ಕರೆಯ ಜೊತೆ ಕೀಟೋನ್, ಇನ್ನೊಂದು ವಾರ ಬರೀ ಸಕ್ಕರೆ ಕುಡಿದು ಓಡಿ ಸಮಯ ಬರೆದಿಡಿ. ಎಸ್ಟರಿನ ರುಚಿಯನ್ನು ಮರೆಮಾಚಲಾಗದ ಕಾರಣ ಯಾವ ದಿನ ಏನು ಕುಡಿದಿರಿ ಎಂದು ನಿಮಗೆ ಗೊತ್ತೇ ಇರುತ್ತದೆ, ಹಾಗಾಗಿ ಅರ್ಧ ನಿಮಿಷದ ವ್ಯತ್ಯಾಸವನ್ನು ನಂಬಬೇಡಿ. ಮೂರು ಬಾಟಲಿ ಮುಗಿಯುವಷ್ಟರಲ್ಲಿ ಗಡಿಯಾರ ಸ್ಪಷ್ಟವಾಗಿ ಏನೂ ಹೇಳದಿದ್ದರೆ ನಾಲ್ಕನೆಯದಕ್ಕೆ ಎತ್ತಿಟ್ಟ ದುಡ್ಡಿನಲ್ಲಿ ಒಂದು ಜೊತೆ ಒಳ್ಳೆಯ ಶೂ ಬರುತ್ತದೆ.